ಚಳಿಯೂರಿನ ದೋಣಿಗೆ ಚಪ್ಪರದಡಿ ಬಣ್ಣ

ಮರದ ದೋಣಿಗೆ ದೊಡ್ಡ ಶತ್ರು ಯಾವುದು? ಹೀಗೆ ಕೇಳಿದರೆ ಬಹುಮಂದಿ ಸಮುದ್ರದತ್ತ ಕೈ ತೋರಿಸಿಯಾರು. ಅಲೆ, ಬಂಡೆ, ಬಿರುಗಾಳಿ, ಮರ ಕೊರೆಯುವ ಹುಳು ಎಂದು ಪಟ್ಟಿ ಬೆಳೆಸಿಯಾರು. ದೋಣಿ ಕಟ್ಟುವ ಬಡಗಿಯ ಉತ್ತರ ಮಾತ್ರ ಬೇರೆ. ಆತ ಕೈ ತೋರಿಸುವುದು ಆಕಾಶದತ್ತ. ಅಡಿಯಲ್ಲಿರುವ ಉಪ್ಪು ನೀರಿಗಿಂತ ಮೇಲಿನಿಂದ ಬೀಳುವ ಸಿಹಿ ನೀರೇ ದೋಣಿಯನ್ನು ಬೇಗ ಕೊಲ್ಲುತ್ತದೆ ಎಂಬುದು ಅವನ ಅನುಭವ.

ಈ ಮಾತಿಗೆ ವಿಜ್ಞಾನದ ಆಧಾರವಿದೆ. ಮರವನ್ನು ಕೊಳೆಸುವುದು ಒಂದು ಬಗೆಯ ಶಿಲೀಂಧ್ರ. ಮರದಲ್ಲಿ ತೇವಾಂಶ ಶೇಕಡ 20ಕ್ಕಿಂತ ಕಡಿಮೆ ಇದ್ದರೆ ಅದು ತಲೆ ಎತ್ತುವುದಿಲ್ಲ. ಉಪ್ಪಿನಂಶ ಹೆಚ್ಚಿದ್ದರೂ ಅದಕ್ಕೆ ಆಗದು. ಹಿಂದೆ ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಹಡಗು ಕಟ್ಟುವವರು ಪಕ್ಕದ ಹಲಗೆಗಳ ಸಂದಿನಲ್ಲಿ ಉಪ್ಪನ್ನು ತುಂಬುತ್ತಿದ್ದುದು ಇದೇ ಕಾರಣಕ್ಕೆ. ಮಳೆ ನೀರು, ಕರಗಿದ ಹಿಮದ ನೀರು ಹಾಗಲ್ಲ. ಡೆಕ್ಕಿನ ಒಂದು ಕೂದಲೆಳೆಯ ಬಿರುಕಿನಲ್ಲಿ ಇಳಿದು, ಅಡಿಯ ತೊಲೆಯ ತಲೆಯಲ್ಲಿ ನಿಂತು, ಯಾರ ಕಣ್ಣಿಗೂ ಬೀಳದೆ ಮರವನ್ನು ಲಡ್ಡು ಮಾಡುತ್ತದೆ. ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಅಡಿಯಲ್ಲಿ ಬೆರಳಿಟ್ಟರೆ ಪುಡಿಯಾಗುವ ಸ್ಥಿತಿ ಬಂದಿರುತ್ತದೆ.

ಆದ್ದರಿಂದ ಡೆಕ್ಕು ದೋಣಿಯ ನೆಲ ಮಾತ್ರವಲ್ಲ, ಅದರ ಮಾಡು ಕೂಡ. ಅದಕ್ಕೆ ಬಳಿಯುವ ಬಣ್ಣ ಅಲಂಕಾರವಲ್ಲ, ಹೆಂಚು. ಹೆಂಚು ಒಡೆದ ಮನೆಯಂತೆಯೇ ಬಣ್ಣ ಬಿರಿದ ಡೆಕ್ಕಿನ ದೋಣಿ.

ಅಡಕತ್ತರಿಯಲ್ಲಿ ಸಿಕ್ಕ ಕೆಲಸ

ಈ ಹೆಂಚನ್ನು ಹೊದಿಸುವ ಕೆಲಸ ಉತ್ತರ ಯುರೋಪಿನ ಚಳಿ ದೇಶಗಳಲ್ಲಿ ಒಂದು ವಿಚಿತ್ರ ಇಕ್ಕಟ್ಟಿಗೆ ಸಿಲುಕುತ್ತದೆ. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ ನಗರವನ್ನೇ ನೋಡಬಹುದು. ನಗರದ ಪೂರ್ವಕ್ಕೆ ಬಾಲ್ಟಿಕ್ ಸಮುದ್ರದಲ್ಲಿ ಸುಮಾರು 30,000 ನಡುಗಡ್ಡೆಗಳೂ ಬಂಡೆಗಳೂ ಚದುರಿವೆ. ಬೇಸಿಗೆ ಬಂದರೆ ಊರಿಗೆ ಊರೇ ದೋಣಿ ಹತ್ತುತ್ತದೆ. ಆದರೆ ಆ ಬೇಸಿಗೆ ಬಲು ಚಿಕ್ಕದು. ಜೂನ್, ಜುಲೈ, ಆಗಸ್ಟ್ ಕಳೆದರೆ ಗಾಳಿಯಲ್ಲಿ ಚಳಿ ಸೇರುತ್ತದೆ. ಡಿಸೆಂಬರಿನಲ್ಲಿ ಹಗಲು ಉಳಿಯುವುದು ಆರೇ ತಾಸು. ಕೊಲ್ಲಿಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ.

ಬಣ್ಣ ಬಳಿಯಲು ತಕ್ಕ ಹವೆ ಇರುವುದು ಬೇಸಿಗೆಯಲ್ಲಿ. ಆದರೆ ಬೇಸಿಗೆಯಲ್ಲಿ ದೋಣಿ ನೀರಿನಲ್ಲಿರಬೇಕು. ದೋಣಿ ದಡದಲ್ಲಿ ಬಿಡುವಾಗಿ ಕುಳಿತಿರುವುದು ಚಳಿಗಾಲದಲ್ಲಿ. ಆಗ ಬಣ್ಣ ಒಣಗುವುದಿಲ್ಲ. ಕೆಲಸಕ್ಕೆ ಬಿಡುವು ಸಿಗುವ ಕಾಲ ಒಂದು, ಕೆಲಸ ಕೈಗೂಡುವ ಕಾಲ ಇನ್ನೊಂದು. ಈ ಎರಡನ್ನೂ ಒಂದೆಡೆ ತರಲು ಆ ಜನ ಕಂಡುಕೊಂಡ ಉಪಾಯವೇ ಚಪ್ಪರ.

ಅಕ್ಟೋಬರಿನಲ್ಲಿ ಅಲ್ಲಿನ ದೋಣಿ ಸಂಘಗಳು ಒಂದು ದೊಡ್ಡ ಕ್ರೇನನ್ನು ಬಾಡಿಗೆಗೆ ತರಿಸುತ್ತವೆ. ಒಂದು ವಾರಾಂತ್ಯದಲ್ಲಿ ಸಾಲಾಗಿ ಹತ್ತಾರು ದೋಣಿಗಳು ನೀರಿನಿಂದ ಮೇಲೇಳುತ್ತವೆ. ಪ್ರತಿ ದೋಣಿಗೂ ಅದರ ಮೈಗೆ ತಕ್ಕಂತೆ ಮಾಡಿದ ತೊಟ್ಟಿಲಿನಂಥ ಆಸರೆ ಇರುತ್ತದೆ. ಅದರ ಮೇಲೆ ದೋಣಿಯನ್ನು ಕೂರಿಸಿ, ಸುತ್ತ ಮರದ ಚೌಕಟ್ಟು ಕಟ್ಟಿ, ಟಾರ್ಪಾಲು ಹೊದಿಸುತ್ತಾರೆ. ರಾತ್ರಿ ಕಾವಲನ್ನು ಸಂಘದ ಸದಸ್ಯರೇ ಸರದಿಯ ಮೇಲೆ ಮಾಡುತ್ತಾರೆ. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಕ್ರೇನು ಮತ್ತೆ ಬರುತ್ತದೆ. ಅಷ್ಟರೊಳಗೆ ಉಜ್ಜಿ, ಬಳಿದು, ಒಣಗಿಸಿ ಮುಗಿದಿರಬೇಕು. ಕ್ರೇನು ಯಾರಿಗಾಗಿಯೂ ಕಾಯುವುದಿಲ್ಲ. ಫೆಬ್ರವರಿ ದಾಟುತ್ತಿದ್ದಂತೆ ದೋಣಿಯವರ ಎದೆಬಡಿತ ಹೆಚ್ಚುವುದು ಈ ಗಡುವಿನಿಂದಲೇ.

ಟಾರ್ಪಾಲಿನ ಕಥೆ

ನಮ್ಮ ಲಾರಿಗಳ ಮೇಲೂ, ಮಳೆಗಾಲದ ಅಂಗಳಗಳಲ್ಲೂ ಕಾಣುವ ಟಾರ್ಪಾಲು ಹುಟ್ಟಿದ್ದು ಹಡಗಿನ ಮೇಲೆ. ಹೆಸರಿನ ಮೊದಲ ಅಕ್ಷರಗಳಲ್ಲೇ ಅದರ ಗುಟ್ಟಿದೆ. ಅದು ಟಾರು ಬಳಿದ ಹೊದಿಕೆ. ನೀರು ಹೀರದಂತೆ ಕ್ಯಾನ್ವಾಸ್ ಬಟ್ಟೆಗೆ ಟಾರು ಬಳಿದು ಸರಕಿನ ಮೇಲೆ ಹೊದಿಸುತ್ತಿದ್ದರು. ನಾವಿಕರ ಬಟ್ಟೆಯೂ ಅಂಥದೇ ಆದ್ದರಿಂದ ಇಂಗ್ಲಿಷಿನಲ್ಲಿ ನಾವಿಕನಿಗೇ ಟಾರ್ ಎಂಬ ಅಡ್ಡಹೆಸರು ಅಂಟಿಕೊಂಡಿತು.

ಇದು ರಸ್ತೆಗೆ ಸುರಿಯುವ ಡಾಂಬರಲ್ಲ. ಪೈನ್ ಮರದ ಬುಡ, ಬೇರುಗಳನ್ನು ಮಣ್ಣು ಮುಚ್ಚಿದ ಗುಂಡಿಯಲ್ಲಿ ದಿನಗಟ್ಟಲೆ ಕಮರಿಸಿ ಇಳಿಸುತ್ತಿದ್ದ ಕಂದು ಬಣ್ಣದ ಅಂಟು ರಸ. 17 ಮತ್ತು 18ನೇ ಶತಮಾನಗಳಲ್ಲಿ ಯುರೋಪಿನ ನೌಕಾಪಡೆಗಳೆಲ್ಲ ಇದಕ್ಕಾಗಿ ಸ್ವೀಡನ್ನಿನ ಕಡೆ ನೋಡುತ್ತಿದ್ದವು. ಮಾರುಕಟ್ಟೆಯಲ್ಲಿ ಇದಕ್ಕೆ ಸ್ಟಾಕ್‌ಹೋಮ್ ಟಾರ್ ಎಂದೇ ಹೆಸರು. ನಿಜಕ್ಕೆ ಅದರ ಬಹುಪಾಲು ಬರುತ್ತಿದ್ದುದು ಆಗ ಸ್ವೀಡನ್ನಿನ ಭಾಗವಾಗಿದ್ದ ಫಿನ್ಲೆಂಡಿನ ರೈತರ ಕಾಡುಗಳಿಂದ. ಹಗ್ಗ, ಹಲಗೆ, ಹಾಯಿಯ ಕಟ್ಟು ಎಲ್ಲಕ್ಕೂ ಅದೇ ಮದ್ದು. ಆಳುದ್ದದ ಹಲಗೆಗಳ ಸಂದಿಗೆ ನಾರನ್ನು ಗಟ್ಟಿಸಿ, ಮೇಲೆ ಕುದಿಸಿ ಗಟ್ಟಿ ಮಾಡಿದ ಟಾರನ್ನು ಹೊಯ್ದರೆ ಡೆಕ್ಕು ಸೋರುತ್ತಿರಲಿಲ್ಲ.

ತೇಗಕ್ಕೆ ಬಣ್ಣ ಬೇಡ

ಎಲ್ಲ ಡೆಕ್ಕಿಗೂ ಬಣ್ಣ ಬೇಕಿಲ್ಲ. ತೇಗದ ಡೆಕ್ಕನ್ನು ಬರಿಮೈಯಲ್ಲೇ ಬಿಡುತ್ತಾರೆ. ತೇಗದಲ್ಲಿ ಸಹಜವಾಗಿಯೇ ಎಣ್ಣೆಯಂಶವಿದೆ. ಅದು ನೀರನ್ನೂ ಶಿಲೀಂಧ್ರವನ್ನೂ ದೂರವಿಡುತ್ತದೆ, ಬಣ್ಣವನ್ನೂ ಸರಿಯಾಗಿ ಹಿಡಿಯಗೊಡುವುದಿಲ್ಲ. ಒದ್ದೆಯಾದರೂ ಕಾಲು ಜಾರದು. ಹಿಂದಿನ ನಾವಿಕರು ಇಂಥ ಡೆಕ್ಕನ್ನು ಮೊಣಕಾಲೂರಿ ಮರಳುಗಲ್ಲಿನಿಂದ ಉಜ್ಜುತ್ತಿದ್ದರು. ಪ್ರಾರ್ಥನೆಗೆ ಕುಳಿತಂತೆ ಕಾಣುತ್ತಿದ್ದುದರಿಂದ ದೊಡ್ಡ ಕಲ್ಲಿಗೆ ಬೈಬಲ್ ಎಂದೂ, ಮೂಲೆಗೆ ಬಳಸುವ ಚಿಕ್ಕದಕ್ಕೆ ಪ್ರಾರ್ಥನಾ ಪುಸ್ತಕ ಎಂದೂ ಹೆಸರಿಟ್ಟು ನಗುತ್ತಿದ್ದರು.

ಈ ತೇಗದ ಕಥೆ ನಮ್ಮ ಪಶ್ಚಿಮ ಕರಾವಳಿಯದೂ ಹೌದು. ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಎಚ್‌ಎಂಎಸ್ ಟ್ರಿಂಕೊಮಲಿ ಎಂಬ ಯುದ್ಧನೌಕೆ ಇದೆ. ಯುರೋಪಿನಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿರುವ ಅತ್ಯಂತ ಹಳೆಯ ಯುದ್ಧನೌಕೆ ಎಂದು ಅದು ಹೆಸರಾಗಿದೆ. ಅದನ್ನು ಕಟ್ಟಿದ್ದು ಮುಂಬಯಿಯಲ್ಲಿ, ಪಾರಸಿ ಬಡಗಿ ಮನೆತನದ ಜಮ್‌ಸೆಟ್‌ಜಿ ಬೊಮನ್‌ಜಿ ವಾಡಿಯಾ ಅವರ ಮೇಲ್ವಿಚಾರಣೆಯಲ್ಲಿ. ಬಳಸಿದ್ದು ಮಲಬಾರಿನ ತೇಗ. ನೀರಿಗಿಳಿದದ್ದು 1817ರ ಅಕ್ಟೋಬರ್ 12ರಂದು. ಇಂಗ್ಲೆಂಡಿಗೆ ಹೋಗುವ ಹೊತ್ತಿಗೆ ನೆಪೋಲಿಯನ್ನನೊಡನೆ ಯುದ್ಧ ಮುಗಿದಿತ್ತು. ಹೀಗಾಗಿ 1845ರವರೆಗೆ ಹಡಗು ಕೆಲಸವಿಲ್ಲದೆ ನಿಂತಿತು. ಹೀಗೆ ನಿಲ್ಲಿಸಿಟ್ಟ ಹಡಗುಗಳಿಗೆ ಪಟಸ್ತಂಭ ಕಳಚಿ, ಡೆಕ್ಕಿನ ಮೇಲೆ ಮರದ ಮಾಡು ಕಟ್ಟಿಬಿಡುವುದು ಆಗಿನ ನೌಕಾಪಡೆಯ ವಾಡಿಕೆ. ಸಮುದ್ರದಲ್ಲಿ ನಿಂತ ಹಡಗಿಗೂ ಮನೆಯಂಥ ಸೂರು ಬೇಕಾಗುತ್ತಿತ್ತು.

ಯುರೋಪಿನ ಸಾಮಾನ್ಯ ದೋಣಿಗಳಿಗೆ ತೇಗ ನಿಲುಕುವ ವಸ್ತುವಲ್ಲ. ಅವುಗಳ ಡೆಕ್ಕು ಪೈನ್ ಹಲಗೆಯದು, ಪ್ಲೈವುಡ್ಡಿನದು ಅಥವಾ ಉಕ್ಕಿನದು. ಪೈನ್ ಹಲಗೆಯ ಮೇಲೆ ಹಸಿ ಬಣ್ಣ ಬಳಿದು, ಅದರ ಮೇಲೆ ಕ್ಯಾನ್ವಾಸ್ ಎಳೆದು ಮೊಳೆ ಹೊಡೆದು, ಮತ್ತೆ ಬಣ್ಣ ಬಳಿಯುವುದು ಹಳೆಯ ಕ್ರಮ. ಬಣ್ಣ ಇಲ್ಲದಿದ್ದರೆ ಇವು ಯಾವುದೂ ಬಾಳುವುದಿಲ್ಲ.

ಸೂರಿನ ಪಾಠ

ಮುಚ್ಚಿಗೆಯ ಬೆಲೆಯನ್ನು ಬ್ರಿಟಿಷ್ ನೌಕಾಪಡೆ ಕಲಿತದ್ದು ದುಬಾರಿ ಪಾಠದಿಂದ. 1810ರಲ್ಲಿ ಲಂಡನ್ ಬಳಿಯ ಡೆಟ್‌ಫರ್ಡಿನಲ್ಲಿ ಕ್ವೀನ್ ಷಾರ್ಲೆಟ್ ಎಂಬ ಬೃಹತ್ ಯುದ್ಧನೌಕೆ ನೀರಿಗಿಳಿಯಿತು. ಯುದ್ಧಕ್ಕೆ ಹೊರಡುವ ಮುನ್ನವೇ ಅದರ ಮರ ಕೊಳೆತಿರುವುದು ಬಯಲಾಯಿತು. ಹಡಗಿನೊಳಗೆ ಬೆಳೆದಿದ್ದ ಶಿಲೀಂಧ್ರಗಳನ್ನು ಪರೀಕ್ಷಿಸಲು ಜೇಮ್ಸ್ ಸೋವರ್ಬಿ ಎಂಬ ನಿಸರ್ಗತಜ್ಞರನ್ನು 1812ರಲ್ಲಿ ಕರೆಸಬೇಕಾಯಿತು. ದುರಸ್ತಿಯ ಖರ್ಚು ಕಟ್ಟಿದ ಖರ್ಚನ್ನೇ ಮೀರಿತು. ಹಸಿ ಮರ ಬಳಸಿದ್ದು ಒಂದು ತಪ್ಪಾದರೆ, ವರ್ಷಗಟ್ಟಲೆ ಮಳೆಯಲ್ಲಿ ತೆರೆದ ಬಯಲಲ್ಲಿ ಹಡಗು ಕಟ್ಟುತ್ತಿದ್ದುದು ಇನ್ನೊಂದು.

ಮುಂದಿನ ದಶಕಗಳಲ್ಲಿ ಹಡಗುಕಟ್ಟೆಗಳಿಗೆ ಸೂರು ಬಂತು. ಚಾಥಮ್ ಹಡಗುಕಟ್ಟೆಯಲ್ಲಿ 1838ರಲ್ಲಿ ಕಟ್ಟಿದ ಅಂಥ ಒಂದು ಮರದ ಚಾವಣಿ ಇಂದಿಗೂ ನಿಂತಿದೆ. ಅದರಡಿ ನಿಂತು ತಲೆ ಎತ್ತಿದರೆ ಮಗುಚಿ ಹಾಕಿದ ಹಡಗಿನ ಒಡಲನ್ನು ನೋಡಿದಂತಾಗುತ್ತದೆ. 1765ರಲ್ಲಿ ನೀರಿಗಿಳಿದು, 1922ರಿಂದ ಪೋರ್ಟ್ಸ್‌ಮತ್‌ನ ಒಣ ಕಟ್ಟೆಯಲ್ಲಿರುವ ಎಚ್‌ಎಂಎಸ್ ವಿಕ್ಟರಿಯ ದೊಡ್ಡ ದುರಸ್ತಿ 2022ರಲ್ಲಿ ಆರಂಭವಾದಾಗಲೂ ಮೊದಲು ಮಾಡಿದ್ದು ಹಡಗಿನ ಸುತ್ತ ಕಂಬಗಳ ಅಟ್ಟಣೆ ಕಟ್ಟಿ ಮುಚ್ಚಿಗೆ ಹೊದಿಸುವ ಕೆಲಸವನ್ನೇ. ಮರ ಮೊದಲು ಒಣಗಬೇಕು, ಉಳಿದದ್ದು ಆಮೇಲೆ.

ಬಣ್ಣ ಒಣಗುವುದೆಂದರೇನು?

ಬಟ್ಟೆ ಒಣಗುವುದಕ್ಕೂ ಬಣ್ಣ ಒಣಗುವುದಕ್ಕೂ ಹೆಸರೊಂದೇ, ನಡೆಯುವ ಕ್ರಿಯೆ ಬೇರೆ. ಬಟ್ಟೆಯಿಂದ ನೀರು ಹಾರಿಹೋಗುತ್ತದೆ, ಅಷ್ಟೇ. ಅಗಸೆ ಎಣ್ಣೆಯ ಬಣ್ಣವಾದರೋ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅಣು ಅಣುವಿಗೆ ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತದೆ. ಇಂದಿನ ಎಪಾಕ್ಸಿ ಬಣ್ಣದಲ್ಲಿ ಎರಡು ಡಬ್ಬಿಗಳ ದ್ರವ ಬೆರೆತು ಪರಸ್ಪರ ವರ್ತಿಸಿ ಗಟ್ಟಿಯಾಗುತ್ತವೆ. ಎರಡೂ ರಾಸಾಯನಿಕ ಕ್ರಿಯೆಗಳೇ. ರಾಸಾಯನಿಕ ಕ್ರಿಯೆಗೆ ಶಾಖ ಬೇಕು. ಉಷ್ಣತೆ 10 ಡಿಗ್ರಿ ಇಳಿದರೆ ಕ್ರಿಯೆಯ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಸ್ಥೂಲ ಲೆಕ್ಕ. 20 ಡಿಗ್ರಿ ಸೆಲ್ಷಿಯಸ್‌ನಲ್ಲಿ ಒಂದು ರಾತ್ರಿಯಲ್ಲಿ ಒಣಗುವ ಬಣ್ಣ 5 ಡಿಗ್ರಿಯಲ್ಲಿ ಎರಡು, ಮೂರು ದಿನ ಅಂಟಂಟಾಗಿಯೇ ಉಳಿದೀತು. ಸಾಮಾನ್ಯ ಎಪಾಕ್ಸಿಯಂತೂ 10 ಡಿಗ್ರಿಯ ಕೆಳಗೆ ಸೋಮಾರಿಯಾಗಿ, 5 ಡಿಗ್ರಿಯ ಹೊತ್ತಿಗೆ ಬಹುತೇಕ ನಿಂತೇಬಿಡುತ್ತದೆ. ಚಳಿಯಲ್ಲೂ ಗಟ್ಟಿಯಾಗುವಂತೆ ತಯಾರಿಸಿದ ಬಗೆಗಳು ಬೇರೆಯೇ ಇವೆ.

ಚಳಿಯಷ್ಟೇ ಆಗಿದ್ದರೆ ತಾಳ್ಮೆಯಿಂದ ಕಾದರೆ ಸಾಕಿತ್ತು. ಚಳಿಯ ಜೊತೆಗೆ ಇಬ್ಬನಿ ಬರುತ್ತದೆ. ನಿಜವಾದ ತೊಡಕು ಅಲ್ಲಿದೆ.

ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವುದನ್ನು ಎಲ್ಲರೂ ನೋಡಿರುತ್ತಾರೆ. ಗಾಳಿಯಲ್ಲಿ ಆವಿಯಾಗಿರುವ ನೀರು ತಣ್ಣನೆಯ ಮೈ ತಾಗಿದೊಡನೆ ಹನಿಯಾಗುತ್ತದೆ. ಯಾವ ಉಷ್ಣತೆಯಲ್ಲಿ ಹೀಗೆ ಹನಿಯಾಗಲು ತೊಡಗುತ್ತದೋ ಅದೇ ಇಬ್ಬನಿ ಬಿಂದು. ಗಾಳಿ 10 ಡಿಗ್ರಿಯಲ್ಲಿದ್ದು ಅದರ ತೇವಾಂಶ ಶೇಕಡ 80 ಇದ್ದರೆ ಇಬ್ಬನಿ ಬಿಂದು 6.7 ಡಿಗ್ರಿ. ಡೆಕ್ಕಿನ ಮೈ ಅದಕ್ಕಿಂತ ತಣ್ಣಗಿದ್ದರೆ ಅದರ ಮೇಲೆ ನೀರಿನ ಪೊರೆ ಕೂರುತ್ತದೆ. ಕಣ್ಣಿಗೆ ಅದು ಕಾಣದೆಯೂ ಇರಬಹುದು. ಆ ಪೊರೆಯ ಮೇಲೆ ಬಳಿದ ಬಣ್ಣ ಡೆಕ್ಕಿಗೆ ಅಂಟುವುದಿಲ್ಲ, ನೀರಿಗೆ ಅಂಟುತ್ತದೆ. ಮುಂದಿನ ಬೇಸಿಗೆಯಲ್ಲಿ ಹಪ್ಪಳದಂತೆ ಏಳುತ್ತದೆ.

ಆದ್ದರಿಂದ ಬಣ್ಣದವರಲ್ಲಿ ಒಂದು ನಿಯಮ ಬಳಕೆಯಲ್ಲಿದೆ. ಬಳಿಯುವ ಮೈಯ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ಮೇಲಿನ ಉದಾಹರಣೆಯಲ್ಲಿ ಡೆಕ್ಕು 9.7 ಡಿಗ್ರಿಗಿಂತ ಬೆಚ್ಚಗಿರಬೇಕು. ಅಂದರೆ ಗಾಳಿಗಿಂತ ತುಸುವೇ ತಣ್ಣಗಿದ್ದರೂ ಬಣ್ಣದ ಡಬ್ಬಿ ತೆರೆಯುವಂತಿಲ್ಲ.

ಇಲ್ಲಿ ಹೊಸಬರು ಎಡವುವುದು ಕೊರೆಯುವ ಚಳಿಯ ದಿನವಲ್ಲ, ಹಿತವಾದ ದಿನ. ರಾತ್ರಿಯಿಡೀ ಹಿಮ ಬಿದ್ದು ಬೆಳಗ್ಗೆ ತೆಂಕಣ ಗಾಳಿ ಬೀಸಿ ಬಿಸಿಲೇರಿತೆಂದರೆ ಕೆಲಸಕ್ಕೆ ಸುದಿನ ಎನಿಸುತ್ತದೆ. ಗಾಳಿ ಬೇಗ ಬೆಚ್ಚಗಾಗುತ್ತದೆ. ಉಕ್ಕಿನ ಡೆಕ್ಕು ಮಾತ್ರ ರಾತ್ರಿಯ ಚಳಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕುಳಿತಿರುತ್ತದೆ. ಬೆಚ್ಚನೆಯ ಗಾಳಿ ಹೊತ್ತು ತಂದ ತೇವವೆಲ್ಲ ಅದರ ಮೇಲಿಳಿಯುತ್ತದೆ. ಆ ದಿನ ಬಳಿದವನ ಶ್ರಮ ನೀರುಪಾಲು.

ಚಪ್ಪರದೊಳಗಿನ ದಿನಚರಿ

ಬಲ್ಲವರು ಚಪ್ಪರವನ್ನು ಕಟ್ಟುವುದರಲ್ಲೇ ಜಾಣ್ಮೆ ತೋರುತ್ತಾರೆ. ಟಾರ್ಪಾಲಿನ ಇಳಿಜಾರು ಕಡಿದಾಗಿರಬೇಕು. ಇಲ್ಲವಾದರೆ ಹಿಮ ಜಾರದೆ ನಿಂತು, ನೀರು ಕುಡಿದು ಭಾರವಾಗಿ ಚೌಕಟ್ಟನ್ನೇ ಮುರಿಯುತ್ತದೆ. ಹೊದಿಕೆ ಡೆಕ್ಕಿಗೆ ತಾಗಬಾರದು. ಒಳಗೆ ಆಳು ಬಗ್ಗಿ ಕೆಲಸ ಮಾಡುವಷ್ಟಾದರೂ ಎತ್ತರ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಎರಡು ತುದಿಗಳಲ್ಲೂ ಕಿಂಡಿ ಬಿಡಬೇಕು. ಬಿಗಿಯಾಗಿ ಮುಚ್ಚಿದರೆ ಬೆಚ್ಚಗಿರುತ್ತದೆ ಎಂದುಕೊಂಡು ಎಲ್ಲ ಸಂದುಗಳನ್ನೂ ಕಟ್ಟಿಬಿಟ್ಟರೆ ಒಳಗಿನ ತೇವ ಹೊರಹೋಗದೆ ಟಾರ್ಪಾಲಿನ ಒಳಮೈಯಿಂದ ತೊಟ್ಟಿಕ್ಕುತ್ತದೆ. ಹೊರಗೆ ಮಳೆಯಿಲ್ಲದಿದ್ದರೂ ಚಪ್ಪರದೊಳಗೆ ಮಳೆ.

ಹಳೆಯ ಬಣ್ಣ ಕೆರೆದು, ಉಪ್ಪು ಕಾಗದದಿಂದ ಉಜ್ಜುವ ಕೆಲಸಕ್ಕೆ ಚಳಿ ಅಡ್ಡಿಯಲ್ಲ. ಅದನ್ನು ಜನವರಿ, ಫೆಬ್ರವರಿಯಲ್ಲೇ ಮುಗಿಸುತ್ತಾರೆ. ಉಜ್ಜುವಾಗ ಲಡ್ಡಾದ ಜಾಗಗಳು ತಾವಾಗಿಯೇ ಸಿಕ್ಕಿಬೀಳುತ್ತವೆ. ಅವುಗಳನ್ನು ಕತ್ತರಿಸಿ ತೆಗೆದು ಹೊಸ ಮರದ ತುಂಡು ಕೂರಿಸಬೇಕು. ಕೊಳೆತ ಮರವನ್ನು ಪುಟ್ಟಿ ತುಂಬಿ ಮುಚ್ಚಿದರೆ ರೋಗವನ್ನು ಒಳಗಿಟ್ಟು ಹೊಲಿಗೆ ಹಾಕಿದಂತೆ.

ಬಣ್ಣಕ್ಕೆ ಕೈ ಹಾಕುವುದು ಮಾರ್ಚ್ ಕಳೆಯುತ್ತ ಬಂದಾಗ. ಹಿಂದಿನ ರಾತ್ರಿ ಬಣ್ಣದ ಡಬ್ಬಿಗಳನ್ನು ಮನೆಯೊಳಗೆ ಬೆಚ್ಚಗೆ ಇರಿಸುತ್ತಾರೆ. ತಣ್ಣನೆಯ ಬಣ್ಣ ಜೇನಿನಂತೆ ಮಂದವಾಗುತ್ತದೆ. ಅದನ್ನು ತೆಳುವಾಗಿಸಲು ಥಿನ್ನರ್ ಸುರಿದರೆ ಬಣ್ಣದ ಬಲ ಕುಗ್ಗುತ್ತದೆ. ಚಪ್ಪರದ ಮೇಲೆ ಬಿಸಿಲು ಬಿದ್ದು ಡೆಕ್ಕು ಕಾವೇರಲು ಹತ್ತು, ಹನ್ನೊಂದು ಗಂಟೆಯಾಗುತ್ತದೆ. ಅಲ್ಲಿಂದ ಮಧ್ಯಾಹ್ನ ಎರಡರವರೆಗೆ ಕೆಲಸ. ಆಮೇಲೆ ಎಷ್ಟೇ ಆಸೆಯಾದರೂ ಬ್ರಷ್ ತೊಳೆದಿಡಬೇಕು. ಸಂಜೆಯ ಇಬ್ಬನಿ ಇಳಿಯುವ ಮುನ್ನ ಬಣ್ಣದ ಮೇಲ್ಪದರ ಕೂಡಿರಬೇಕು. ಇಲ್ಲದಿದ್ದರೆ ಹೊಳಪೆಲ್ಲ ಇಂಗಿ ಮಂಜು ಕವಿದ ಕನ್ನಡಿಯಂತಾಗುತ್ತದೆ. ದಪ್ಪಗೆ ಒಂದು ಸಲ ಬಳಿಯುವ ಬದಲು ತೆಳ್ಳಗೆ ಮೂರು ಸಲ ಬಳಿಯುವುದೇ ಲೇಸು. ದಪ್ಪ ಬಣ್ಣದ ಮೇಲ್ಮೈ ಕೆನೆಗಟ್ಟಿ, ಅಡಿ ಹಸಿಯಾಗಿಯೇ ಉಳಿಯುತ್ತದೆ.

ಶಾಖ ಕೊಡುವುದಾದರೆ ಮೇಲಿನಿಂದಲ್ಲ, ಅಡಿಯಿಂದ ಕೊಡುವುದು ಇನ್ನೊಂದು ಅನುಭವದ ಮಾತು. ದೋಣಿಯ ಕೋಣೆಯೊಳಗೆ ವಿದ್ಯುತ್ ಹೀಟರ್ ಇಟ್ಟು ಡೆಕ್ಕನ್ನು ಅಡಿಯಿಂದ ಬೆಚ್ಚಗಾಗಿಸಿದರೆ ಅದರ ಮೈ ಗಾಳಿಗಿಂತ ಬಿಸಿಯಾಗುತ್ತದೆ. ಆಗ ಇಬ್ಬನಿ ಕೂರಲು ಎಡೆಯಿಲ್ಲ.

ಕೊನೆಯ ಲೇಪಕ್ಕೆ ಮುನ್ನ ಹಸಿ ಬಣ್ಣದ ಮೇಲೆ ಸಣ್ಣ ಮರಳನ್ನು ಉದುರಿಸುತ್ತಾರೆ. ಒಣಗಿದ ಮೇಲೆ ಸಡಿಲ ಮರಳನ್ನು ಗುಡಿಸಿ ಮತ್ತೊಂದು ಲೇಪ ಕೊಟ್ಟರೆ ಡೆಕ್ಕು ತರಿತರಿಯಾಗಿ ಕಾಲಿಗೆ ಹಿಡಿತ ಸಿಗುತ್ತದೆ. ಗೋಡೆಯ ಬಣ್ಣಕ್ಕೂ ಡೆಕ್ಕಿನ ಬಣ್ಣಕ್ಕೂ ಇರುವ ಅಂತರ ಇದೇ. ಗೋಡೆ ನುಣುಪಾದರೆ ಚೆಂದ. ಡೆಕ್ಕು ನುಣುಪಾದರೆ ಅಲೆಯ ಹೊತ್ತಿನಲ್ಲಿ ಮನುಷ್ಯ ನೀರಿಗೆ. ಬಾಲ್ಟಿಕ್ಕಿನ ತಣ್ಣೀರಿಗೆ ಬಿದ್ದವನ ಕೈಕಾಲುಗಳು ಕೆಲವೇ ನಿಮಿಷಗಳಲ್ಲಿ ಸೋಲುತ್ತವೆ.

ಮುಚ್ಚಿಗೆಯೊಳಗಿನ ಅಪಾಯ

ದೋಣಿಯನ್ನು ಕಾಯುವ ಚಪ್ಪರ ಕೆಲಸಗಾರನಿಗೆ ಮಾತ್ರ ಮುಳುವಾಗಬಹುದು. ಚಳಿ ತಡೆಯಲಾರದೆ ಗ್ಯಾಸಿನ ಹೀಟರನ್ನೋ ಇದ್ದಿಲ ಒಲೆಯನ್ನೋ ಒಳಗಿಡುವುದು ಸಹಜ. ಗಾಳಿಯಾಡದ ಕಡೆ ಅದು ಇಂಗಾಲದ ಮಾನಾಕ್ಸೈಡನ್ನು ಉಗುಳುತ್ತದೆ. ಈ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ಮಂಪರು ಬಂದು ಮನುಷ್ಯ ಒರಗಿದರೆ ಮತ್ತೆ ಏಳದಿರಬಹುದು. ಇಷ್ಟು ಅಪಾಯ ಮೈಮೇಲೆಳೆದುಕೊಂಡರೂ ಬಣ್ಣಕ್ಕೆ ಲಾಭವಿಲ್ಲ. 1 ಕಿಲೋ ಪ್ರೊಪೇನ್ ಅನಿಲ ಉರಿದಾಗ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಒಣಗಿಸಲೆಂದು ಹಚ್ಚಿದ ಬೆಂಕಿಯೇ ಚಪ್ಪರದೊಳಗೆ ನೀರು ತುಂಬುತ್ತದೆ.

ಥಿನ್ನರಿನ ಆವಿ ಗಾಳಿಗಿಂತ ಭಾರ. ಅದು ದೋಣಿಯ ತಳದಲ್ಲಿ ಇಳಿದು ನಿಲ್ಲುತ್ತದೆ. ಒಂದು ಕಿಡಿ ಸಾಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಕಿಡಿಯೂ ಬೇಡ. ಎಣ್ಣೆ ಆಮ್ಲಜನಕ ಹೀರುವಾಗ ಹುಟ್ಟುವ ಬಿಸಿ ಒಳಗೇ ಸೇರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಅದಕ್ಕೇ ಅಂಥ ಬಟ್ಟೆಗಳನ್ನು ನೀರಿನಲ್ಲಿ ಅದ್ದಿಡುವುದು ಅಥವಾ ಹೊರಗೆ ಹರಡಿ ಒಣಗಿಸುವುದು ಕಡ್ಡಾಯ.

ಲಂಡನ್ನಿನ ಗ್ರೀನಿಚ್‌ನಲ್ಲಿರುವ ಕಟ್ಟಿ ಸಾರ್ಕ್ ಹಡಗಿಗೆ 2007ರ ಮೇ 21ರ ನಸುಕಿನಲ್ಲಿ ಬೆಂಕಿ ಬಿತ್ತು. 1869ರಲ್ಲಿ ಕಟ್ಟಿದ, ಚೀನಾದ ಚಹಾ ತರುತ್ತಿದ್ದ ಹಾಯಿ ಹಡಗದು. ಸಂರಕ್ಷಣೆಗಾಗಿ ಅದನ್ನು ಮುಚ್ಚಿಗೆಯಡಿ ಇರಿಸಿದ್ದಾಗಲೇ ಈ ಅನಾಹುತ ನಡೆಯಿತು. ಚಾಲೂ ಇಟ್ಟು ಮರೆತುಹೋಗಿದ್ದ ದೂಳು ಹೀರುವ ಯಂತ್ರವೊಂದು ಕಾರಣವಾಗಿರಬೇಕೆಂದು ತನಿಖೆ ಹೇಳಿತು. ದುರಸ್ತಿಗಾಗಿ ಹಲಗೆಗಳನ್ನೂ ಪಟಸ್ತಂಭಗಳನ್ನೂ ಬಹುಪಾಲು ಮೊದಲೇ ಕಳಚಿ ಬೇರೆಡೆ ಒಯ್ದಿದ್ದರಿಂದ ಹಡಗು ಉಳಿಯಿತು. 2012ರಲ್ಲಿ ಮತ್ತೆ ಜನರಿಗೆ ತೆರೆದುಕೊಂಡಿತು.

ಹಳೆಯ ಬಣ್ಣವನ್ನು ಕೆರೆಯುವಾಗ ಏಳುವ ದೂಳಿನ ಕೇಡು ನಿಧಾನದ್ದು. ಹಿಂದೆ ಬಿಳಿ ಬಣ್ಣಕ್ಕೆ ಬಿಳಿ ಸೀಸ, ಪ್ರೈಮರಿಗೆ ಸಿಂಧೂರ ಬಣ್ಣದ ಕೆಂಪು ಸೀಸ ಬಳಕೆಯಲ್ಲಿತ್ತು. ಸೀಸ ನರಗಳಿಗೆ ವಿಷ, ಮಕ್ಕಳಿಗಂತೂ ಹೆಚ್ಚಿನ ಅಪಾಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1921ರಲ್ಲೇ ಬಿಳಿ ಸೀಸದ ಬಳಕೆಗೆ ಕಡಿವಾಣ ಹಾಕುವ ಒಪ್ಪಂದ ರೂಪಿಸಿತ್ತು. ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಬಂತು. ಹಳೆಯ ದೋಣಿಯ ಡೆಕ್ಕನ್ನು ಒಣ ಕಾಗದದಿಂದ ಉಜ್ಜದೆ, ನೀರು ಹಾಕಿ ಉಜ್ಜಬೇಕೆಂದೂ ಮೂಗಿಗೆ ತಕ್ಕ ಮುಸುಕು ಹಾಕಬೇಕೆಂದೂ ಹೇಳುವುದು ಇದಕ್ಕೇ.

ಮುಗಿಯದ ಕೆಲಸ ಮುಗಿದದ್ದು

ಮುಚ್ಚಿಗೆಯಡಿ ಬಣ್ಣ ಬಳಿಯುವ ವಿದ್ಯೆ ದೋಣಿಗಳನ್ನು ದಾಟಿ ದೂರ ಹೋಗಿದೆ. ಸ್ಕಾಟ್ಲೆಂಡಿನ ಫೋರ್ತ್ ರೈಲು ಸೇತುವೆ 1890ರಲ್ಲಿ ತೆರೆಯಿತು. ಒಂದು ತುದಿಯಿಂದ ಬಣ್ಣ ಬಳಿಯುತ್ತ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲಿನದು ಮಾಸಿರುತ್ತದೆ ಎಂಬ ಮಾತಿನಿಂದಾಗಿ ಆ ಸೇತುವೆಯ ಹೆಸರು ಮುಗಿಯದ ಕೆಲಸಕ್ಕೆ ಪರ್ಯಾಯವಾಗಿತ್ತು. 2002ರಿಂದ 2011ರವರೆಗೆ ಅದನ್ನು ಭಾಗ ಭಾಗವಾಗಿ ಹೊದಿಕೆಯೊಳಗೆ ತಂದು, ಹಳೆಯ ಬಣ್ಣವನ್ನೆಲ್ಲ ಲೋಹದವರೆಗೆ ಕಿತ್ತು, ಗಾಜಿನ ಹರಳುಗಳಿರುವ ಎಪಾಕ್ಸಿ ಬಳಿಯಲಾಯಿತು. ಉತ್ತರ ಸಮುದ್ರದ ತೈಲಬಾವಿಗಳ ಕಟ್ಟಡಗಳಿಗಾಗಿ ರೂಪುಗೊಂಡ ಬಣ್ಣವದು. 20 ವರ್ಷಕ್ಕೂ ಹೆಚ್ಚು ಬಾಳುತ್ತದೆಂಬ ಲೆಕ್ಕವಿದೆ. ಹೊದಿಕೆ ಇಲ್ಲದಿದ್ದರೆ ಆ ನಾಡಿನ ಮಳೆ, ಮಂಜಿನಲ್ಲಿ ಈ ಕೆಲಸ ಆಗುತ್ತಿರಲಿಲ್ಲ.

ಮಲ್ಪೆಯ ಮಳೆಗಾಲ

ಹಿಮವನ್ನೇ ಕಾಣದ ನಮ್ಮ ಕರಾವಳಿಗೆ ಇದೆಲ್ಲ ದೂರದ ಮಾತೆನಿಸಬಹುದು. ಹಾಗಿಲ್ಲ. ಇಲ್ಲಿ ದೋಣಿ ದಡ ಸೇರುವುದು ಚಳಿಗಾಲದಲ್ಲಲ್ಲ, ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಗಂಗೊಳ್ಳಿ, ಮಂಗಳೂರು, ಕಾರವಾರದ ಬಂದರುಗಳಲ್ಲಿ ದೋಣಿಗಳು ಒತ್ತೊತ್ತಾಗಿ ನಿಲ್ಲುತ್ತವೆ. ಬಲೆ ನೇಯುವುದು, ಎಂಜಿನ್ ಬಿಚ್ಚುವುದು, ಮರ ಬದಲಿಸುವುದು, ಬಣ್ಣ ಬಳಿಯುವುದು ಎಲ್ಲಕ್ಕೂ ಬಿಡುವು ಸಿಗುವುದು ಆಗಲೇ.

ಬಿಡುವಿನ ಕಾಲವೇ ಬಣ್ಣಕ್ಕೆ ಒಗ್ಗದ ಕಾಲ ಎಂಬ ಇಕ್ಕಟ್ಟು ಇಲ್ಲಿಯೂ ಅದೇ. ಆಟಿಯ ಮಳೆಯ ಒಂದು ದಿನ ಗಾಳಿಯ ಉಷ್ಣತೆ 27 ಡಿಗ್ರಿ, ತೇವಾಂಶ ಶೇಕಡ 90 ಇದ್ದರೆ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ಗಾಳಿಗೂ ಇಬ್ಬನಿ ಬಿಂದುವಿಗೂ ಎರಡೇ ಡಿಗ್ರಿ ಅಂತರ. ಸ್ಟಾಕ್‌ಹೋಮಿನ ಬಣ್ಣದವನ 3 ಡಿಗ್ರಿಯ ನಿಯಮ ಮಲ್ಪೆಯಲ್ಲಿ, ಬೆವರು ಸುರಿಯುವ ಸೆಕೆಯಲ್ಲಿಯೂ ಕೈಕೊಡುತ್ತದೆ. ಅಲ್ಲಿ ಚಳಿ ಮಾಡುವ ಕೆಲಸವನ್ನು ಇಲ್ಲಿ ಮಳೆ ಮಾಡುತ್ತದೆ. ಬಣ್ಣಕ್ಕೆ ಕಂಟಕವಾಗುವುದು ಬರಿಯ ಚಳಿಯಲ್ಲ, ತೇವ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಯಂತ್ರದ ದೋಣಿ ಬರುವ ಮೊದಲು ಇಲ್ಲಿನ ನಾಡದೋಣಿಗಳಿಗೆ ಭೂತಾಯಿ ಮೀನಿನ ಎಣ್ಣೆಯೇ ಬಣ್ಣ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಹಚ್ಚುತ್ತಿದ್ದರು. ಮುಂಗಾರಿಗೆ ಮೊದಲು ಬಿಸಿಲಿನಲ್ಲೇ ಎಣ್ಣೆ ಕುಡಿಸಿ, ದೋಣಿಯನ್ನು ಅಲೆ ಮುಟ್ಟದಷ್ಟು ಮೇಲಕ್ಕೆಳೆದು, ಹೆಣೆದ ತೆಂಗಿನ ಮಡಲನ್ನು ಹೊದಿಸುತ್ತಿದ್ದರು. ಮಡಲಿನ ಹೊದಿಕೆ ಮಳೆಯನ್ನು ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಇತ್ತೀಚೆಗೆ ಅದರ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ. ಅದು ನೀರನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಿಗಿದು ಕಟ್ಟಿದರೆ ಒಳಗಿನ ಉಬ್ಬೆಯನ್ನೂ ಹಿಡಿದಿಡುತ್ತದೆ. ಎರಡು ತುದಿಗೂ ಕಿಂಡಿ ಬಿಡಬೇಕೆಂಬ ಬಾಲ್ಟಿಕ್ ತೀರದ ಪಾಠ ಮಡಲು ಹೆಣೆಯುವವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಆಗಸ್ಟಿನಲ್ಲಿ ಸಮುದ್ರ ಪೂಜೆ ಮುಗಿಸಿ, ಹಾಲು, ತೆಂಗಿನಕಾಯಿ ಅರ್ಪಿಸಿ ದೋಣಿಗಳು ಹೊರಡುತ್ತವೆ. ಮೇ ತಿಂಗಳಲ್ಲಿ ಸ್ವೀಡನ್ನಿನ ಕ್ರೇನು ದೋಣಿಗಳನ್ನು ಒಂದೊಂದಾಗಿ ನೀರಿಗಿಳಿಸುತ್ತದೆ. ದಡದಲ್ಲಿ ನಿಂತು ನೋಡುವವರಿಗೆ ಕಾಣುವುದು ಹೊಸ ಬಣ್ಣದ ಹೊಳಪು ಮಾತ್ರ. ಆ ಬಣ್ಣ ಒಣ ಮರದ ಮೇಲೆ ಕೂತಿದೆಯೋ ತೇವದ ಮೇಲೆ ಕೂತಿದೆಯೋ ಎಂಬುದು ಬಳಿದವನಿಗಷ್ಟೇ ಗೊತ್ತು. ಮೊದಲ ದೊಡ್ಡ ಮಳೆ ಬಂದಾಗ ದೋಣಿಯೊಳಗೆ ಮಲಗಿದವನಿಗೂ ಗೊತ್ತಾಗುತ್ತದೆ.